ಕೆಂಡ, ನೀರು, ಗಾಳಿಕಿಂಡಿ: ವೆಬರ್ ಸ್ಮೋಕಿ ಮೌಂಟನ್ ಸ್ಮೋಕರಿನ ವಿಮರ್ಶೆ

ಸ್ಮೋಕರ್, ಅಂದರೆ ಕಡಿಮೆ ಶಾಖದಲ್ಲಿ, ಹೊಗೆಯ ಜೊತೆ ಮಾಂಸವನ್ನು ನಿಧಾನವಾಗಿ ಬೇಯಿಸುವ ಒಲೆಯನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಅದು ಎಷ್ಟು ದೊಡ್ಡದು, ಎಷ್ಟು ಬೆಲೆ, ಮೊಬೈಲಿನಿಂದ ನಡೆಸಬಹುದೇ ಎಂದು ಕೇಳುತ್ತಾರೆ. ಇವೆಲ್ಲಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಗಾಳಿಯ ಸಂಗತಿ: ಅದು ಒಳಗೆ ಎಲ್ಲಿಂದ ಹೋಗುತ್ತದೆ, ಹೊರಗೆ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟು ನಯವಾಗಿ ಹೆಚ್ಚು ಕಡಿಮೆ ಮಾಡಬಹುದು. ಬೆಂಕಿಯನ್ನು ಆಳುವುದು ಗಾಳಿಯಾದ್ದರಿಂದ, ಈ ಮೂರಕ್ಕೆ ಸರಿಯಾದ ಉತ್ತರ ಕೊಡುವ ಸ್ಮೋಕರ್ ಅಗ್ಗದ್ದಾದರೂ ಕೆಲಸಕ್ಕೆ ಬರುತ್ತದೆ, ಕೊಡಲಾರದ್ದು ದುಬಾರಿಯಾದರೂ ಬರುವುದಿಲ್ಲ. ಟೆಕ್ಸಸ್ಸಿನ ರೌಂಡ್ ರಾಕ್‌ನಲ್ಲಿರುವ ನಮ್ಮ ಮನೆಯ ಹಿತ್ತಿಲಿನಲ್ಲಿ ಕೆಲವು ವರ್ಷಗಳಿಂದ ಬಳಕೆಯಲ್ಲಿರುವ ವೆಬರ್ ಸ್ಮೋಕಿ ಮೌಂಟನ್‌ನ 18 ಇಂಚಿನ ಮಾದರಿಯನ್ನು ಈ ಅಳತೆಗೋಲಿನಿಂದಲೇ ನೋಡಿದ್ದೇನೆ. ನಾಲ್ಕರಿಂದ ಹತ್ತು ಜನಕ್ಕೆ ಅಡುಗೆ ಮಾಡುವ, ಬೆಂಕಿಯ ಬಳಿ ದಿನವಿಡೀ ಕೂರಲಾಗದ, ಆದರೆ ಬೆಂಕಿಯನ್ನು ಪೂರ್ತಿಯಾಗಿ ಯಂತ್ರಕ್ಕೆ ಒಪ್ಪಿಸಲು ಮನಸ್ಸಿಲ್ಲದ ಮನೆಗೆ ಇದಕ್ಕಿಂತ ಒಪ್ಪುವ ಸ್ಮೋಕರ್ ಸದ್ಯ ಮಾರುಕಟ್ಟೆಯಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಸಾಧನದ ವಿವರಕ್ಕೆ ಹೋಗುವ ಮುನ್ನ ಅದು ಮಾಡಬೇಕಾದ ಕೆಲಸ ಯಾವುದೆಂದು ತಿಳಿದುಕೊಳ್ಳಬೇಕು. ಮಾಂಸವನ್ನು ಬೇಯಿಸುವುದು ಹೊಗೆ ಎಂಬ ಭಾವನೆ ಹಲವರಲ್ಲಿದೆ. ವಾಸ್ತವವಾಗಿ ಬೇಯಿಸುವುದು ಕಡಿಮೆ ಶಾಖ ಮತ್ತು ದೀರ್ಘ ಕಾಲ, ಹೊಗೆ ಕೊಡುವುದು ಪರಿಮಳ ಮತ್ತು ಬಣ್ಣವನ್ನು ಮಾತ್ರ. ಕೊಡಗಿನ ಹಳೆಯ ಮನೆಗಳಲ್ಲಿ ಒಲೆಯ ಮೇಲ್ಗಡೆ ಮಾಂಸವನ್ನು ತೂಗುಹಾಕಿ ಹೊಗೆಯಲ್ಲಿ ಒಣಗಿಸುತ್ತಿದ್ದ ಕ್ರಮವನ್ನು ಬಲ್ಲವರಿಗೆ ಇಲ್ಲಿ ಒಂದು ಗೊಂದಲ ಉಂಟಾಗಬಹುದು. ಅದು ಮಾಂಸ ಕೆಡದಂತೆ ಇಡುವ ಉಪಾಯ, ಅದರಲ್ಲಿ ನೀರನ್ನು ಕಳೆಯುವುದೇ ಗುರಿ. ಅಮೆರಿಕದ ದಕ್ಷಿಣ ರಾಜ್ಯಗಳ ಬಾರ್ಬೆಕ್ಯೂ ಪದ್ಧತಿಯಲ್ಲಿ ಮಾಂಸವನ್ನು ಅದೇ ದಿನ ತಿನ್ನಲೆಂದು ಬೇಯಿಸುತ್ತಾರೆ, ಒಳಗಿನ ತೇವವನ್ನು ಆದಷ್ಟು ಉಳಿಸಿಕೊಂಡು ಗಟ್ಟಿ ಭಾಗವನ್ನು ಮೆತ್ತಗಾಗಿಸುವುದು ಅಲ್ಲಿನ ಗುರಿ. ಹಂದಿಯ ಭುಜ, ದನದ ಎದೆಭಾಗವಾದ ಬ್ರಿಸ್ಕೆಟ್, ಕುರಿಯ ಮುಂಗಾಲಿನ ಮೇಲ್ಭಾಗ ಮೊದಲಾದ, ಪ್ರಾಣಿ ಹೆಚ್ಚು ದುಡಿಸಿಕೊಂಡ ಭಾಗಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ಅಂಗಾಂಶ ಹೇರಳವಾಗಿರುತ್ತದೆ. ಮಾಂಸದ ಒಳಗಿನ ಉಷ್ಣಾಂಶ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಇದು ನಿಧಾನವಾಗಿ ಕರಗಿ ಜೆಲಟಿನ್ ಆಗತೊಡಗುತ್ತದೆ, ಮತ್ತು ಒಳಗಿನ ಉಷ್ಣಾಂಶ 95 ಡಿಗ್ರಿಯ ಆಸುಪಾಸಿಗೆ ಬರುವ ಹೊತ್ತಿಗೆ ಮಾಂಸ ಬೆರಳಿನಲ್ಲಿ ಬಿಡಿಸಿಕೊಳ್ಳುವಷ್ಟು ಮೆತ್ತಗಾಗುತ್ತದೆ. ಇದಕ್ಕೆ ಸ್ಮೋಕರಿನ ಒಳಗೆ 107ರಿಂದ 121 ಡಿಗ್ರಿಯ, ಅಂದರೆ ಇಲ್ಲಿಯವರು ಹೇಳುವ 225ರಿಂದ 250 ಫ್ಯಾರನ್‌ಹೀಟಿನ ಶಾಖ ಗಂಟೆಗಟ್ಟಲೆ ಒಂದೇ ಸಮನೆ ಇರಬೇಕು. ಸಾಧನದ ಪರೀಕ್ಷೆ ನಡೆಯುವುದು ಈ ‘ಒಂದೇ ಸಮನೆ’ ಎಂಬಲ್ಲಿ.

ಈ ದಾರಿಯಲ್ಲಿ ಎಲ್ಲರನ್ನೂ ಕಂಗೆಡಿಸುವ ಒಂದು ಘಟ್ಟವಿದೆ. ಮಾಂಸದ ಒಳಗಿನ ಉಷ್ಣಾಂಶ 65ರಿಂದ 75 ಡಿಗ್ರಿಯ ನಡುವೆ ಎಲ್ಲೋ ಒಂದು ಕಡೆ ನಿಂತುಬಿಡುತ್ತದೆ; ಎರಡು, ಮೂರು, ಕೆಲವೊಮ್ಮೆ ಐದು ಗಂಟೆಯವರೆಗೂ ಮುಂದೆ ಚಲಿಸುವುದಿಲ್ಲ. ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತ ಹೋಗುವಾಗ ಅದು ತನ್ನೊಂದಿಗೆ ಶಾಖವನ್ನೂ ಒಯ್ಯುವುದೇ ಇದಕ್ಕೆ ಕಾರಣ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ. ಬೆಂಕಿ ನಂದಿಹೋಯಿತೆಂದು ಹೆದರಿ ಗಾಳಿಕಿಂಡಿಗಳನ್ನೆಲ್ಲ ತೆರೆದುಬಿಡುವವರು ಹೊರಭಾಗವನ್ನು ಸುಟ್ಟುಕೊಳ್ಳುತ್ತಾರೆ. ಕಾಯುವುದು ಒಂದು ದಾರಿ; ಅಲ್ಯೂಮಿನಿಯಂ ಹಾಳೆಯಲ್ಲಿ ಅಥವಾ ಕಸಾಯಿಯವರು ಬಳಸುವ ಗುಲಾಬಿ ಕಾಗದದಲ್ಲಿ ಮಾಂಸವನ್ನು ಸುತ್ತಿ ಆವಿಯಾಗುವುದನ್ನು ತಡೆಯುವುದು ಇನ್ನೊಂದು ದಾರಿ. ಎರಡನೆಯದನ್ನು ಇಲ್ಲಿಯವರು ‘ಟೆಕ್ಸಸ್ ಊರುಗೋಲು’ ಎಂದು ಸ್ವಲ್ಪ ತಾತ್ಸಾರದಿಂದಲೇ ಕರೆಯುತ್ತಾರೆ, ಆದರೆ ಅತಿಥಿಗಳು ಏಳು ಗಂಟೆಗೆ ಬರುವವರಿದ್ದರೆ ಊರುಗೋಲು ಹಿಡಿಯುವುದರಲ್ಲಿ ಅವಮಾನವೇನೂ ಇಲ್ಲ.

ಈಗ ಸಾಧನಕ್ಕೆ ಬರೋಣ. ವೆಬರ್ ಕಂಪನಿಯ ಹೆಸರು ನಿಂತಿರುವುದು 1952ರಲ್ಲಿ ಷಿಕಾಗೋದ ಜಾರ್ಜ್ ಸ್ಟೀಫನ್ ರೂಪಿಸಿದ ಗುಂಡನೆಯ, ಮುಚ್ಚಳವುಳ್ಳ ಗ್ರಿಲ್ಲಿನ ಮೇಲೆ. ತಾನು ಕೆಲಸ ಮಾಡುತ್ತಿದ್ದ ಲೋಹದ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲುವ ಬೋಯ್‌ಗಳಿಗಾಗಿ ತಯಾರಾಗುತ್ತಿದ್ದ ಗೋಳವನ್ನು ಅರ್ಧಕ್ಕೆ ಕತ್ತರಿಸಿ ಅವರು ಮೊದಲ ಗ್ರಿಲ್ ಮಾಡಿದರು. ಸ್ಮೋಕಿ ಮೌಂಟನ್ ಬಂದದ್ದು 1981ರಲ್ಲಿ. ಅದರ ಮೂಲ ವಿನ್ಯಾಸ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಕೆಳಗೆ ಒಂದು ಬೋಗುಣಿ, ಅದರಲ್ಲಿ ಜಾಲರಿ, ಜಾಲರಿಯ ಮೇಲೆ ಇದ್ದಿಲು ಹಿಡಿದಿಡುವ ತೂತುಗಳುಳ್ಳ ಉಕ್ಕಿನ ಬಳೆ. ನಡುವೆ ಒಂದು ಕೊಳವೆಯಾಕಾರದ ಭಾಗ, ಅದರಲ್ಲಿ ಕೆಂಡದ ನೇರ ಮೇಲೆ ನೀರಿನ ತಟ್ಟೆ, ನೀರಿನ ಮೇಲೆ ಒಂದರ ಮೇಲೊಂದು ಎರಡು ಜಾಲರಿಗಳು. ಎಲ್ಲದರ ಮೇಲೆ ಗುಮ್ಮಟದಂತಹ ಮುಚ್ಚಳ. ಬೋಗುಣಿಯಲ್ಲಿ ಮೂರು ಗಾಳಿಕಿಂಡಿಗಳಿವೆ, ಮುಚ್ಚಳದಲ್ಲಿ ಒಂದು. ಇಡೀ ಮೈಗೆ ಪಿಂಗಾಣಿ ಲೇಪ ಇರುವುದರಿಂದ ಮಳೆಬಿಸಿಲಿಗೆ ಬೇಗ ತುಕ್ಕು ಹಿಡಿಯುವುದಿಲ್ಲ. ತೂಕ 18 ಕಿಲೋದ ಆಸುಪಾಸು, ಆದ್ದರಿಂದ ತಣ್ಣಗಿರುವಾಗ ಬಿಡಿಸಿ ಒಬ್ಬರೇ ಒಳಗೆ ಒಯ್ಯಬಹುದು. ಬೆಲೆ 400 ಡಾಲರಿನ ಹತ್ತಿರ.

ಇದರ ಜಾಣತನವಿರುವುದು ಅಷ್ಟೇನೂ ಅಲಂಕಾರವಿಲ್ಲದ ಆ ನೀರಿನ ತಟ್ಟೆಯಲ್ಲಿ. ಕೆಂಡದ ನೇರ ಝಳ ಮಾಂಸಕ್ಕೆ ತಾಗದಂತೆ ಅದು ಅಡ್ಡ ನಿಲ್ಲುತ್ತದೆ. ನೀರು ಕುದಿಯುವ ಬಿಂದುವನ್ನು ದಾಟಿ ಬಿಸಿಯಾಗದ ಕಾರಣ, ಕೆಂಡ ಕೊಂಚ ಹೆಚ್ಚು ಉರಿದರೂ ಆ ಹೆಚ್ಚಿನ ಶಾಖವನ್ನು ನೀರು ಹೀರಿಕೊಂಡು ಆವಿಯಾಗಿಬಿಡುತ್ತದೆ. ಹೀಗೆ ಹೊಸಬರ ಸಣ್ಣಪುಟ್ಟ ಎಡವಟ್ಟುಗಳನ್ನು ತಟ್ಟೆಯೇ ಮುಚ್ಚಿಹಾಕುತ್ತದೆ. ಅನುಭವಸ್ಥರಲ್ಲಿ ಕೆಲವರು ನೀರಿನ ಬದಲು ಮರಳು ಅಥವಾ ಅಲ್ಯೂಮಿನಿಯಂ ಹಾಳೆ ಸುತ್ತಿದ ಮಣ್ಣಿನ ತಟ್ಟೆಯನ್ನು ಇಡುತ್ತಾರೆ. ಇದ್ದಿಲು ಉಳಿಯುತ್ತದೆ, ನಿಜ, ಆದರೆ ಮೊದಮೊದಲು ನೀರೇ ಸುರಕ್ಷಿತ. ಕೆಲಸ ಮುಗಿದ ಮೇಲೆ ಆ ತಟ್ಟೆಯಲ್ಲಿ ಉಳಿಯುವ, ಕೊಬ್ಬು ತೇಲುವ ಕಂದು ನೀರನ್ನು ಮಾತ್ರ ಯಾವ ಕಾರಣಕ್ಕೂ ಅಡುಗೆಮನೆಯ ಸಿಂಕಿಗೆ ಸುರಿಯಬಾರದು. ಕೊಬ್ಬು ಹೆಪ್ಪುಗಟ್ಟಿದ ಮೇಲೆ ಅದನ್ನು ತೆಗೆದು ಕಸಕ್ಕೆ ಹಾಕಿ, ಉಳಿದ ನೀರನ್ನು ಚೆಲ್ಲುವುದು ಮೇಲು. ಈ ಸಾಧನದಲ್ಲಿ ನನಗೆ ಇಷ್ಟವಾಗದ ಕೆಲಸ ಯಾವುದೆಂದು ಕೇಳಿದರೆ ಇದೇ.

ಬೆಂಕಿ ಹೊತ್ತಿಸುವ ಕ್ರಮವೂ ಮುಖ್ಯ. ಇದ್ದಿಲನ್ನೆಲ್ಲ ಒಮ್ಮೆಲೇ ಕೆಂಡ ಮಾಡಿದರೆ ಶಾಖ ಮಿತಿಮೀರುತ್ತದೆ, ಬೇಗ ಮುಗಿದೂ ಹೋಗುತ್ತದೆ. ಬಾರ್ಬೆಕ್ಯೂ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದ ಜಿಮ್ ಮಿನಿಯನ್ ಎಂಬವರ ಹೆಸರಿನಿಂದ ಪ್ರಸಿದ್ಧವಾದ ವಿಧಾನದಲ್ಲಿ ಬಳೆಯ ತುಂಬ ಹೊತ್ತಿಸದ ಇದ್ದಿಲು ತುಂಬಿ, ಅದರ ಮೇಲೆ ಹದಿನೈದು ಇಪ್ಪತ್ತು ಕೆಂಡಗಳನ್ನು ಮಾತ್ರ ಹರಡುತ್ತಾರೆ. ಬೆಂಕಿ ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟುತ್ತ ಹೋಗುತ್ತದೆ; ಕೆಳಗಿನ ಮೂರು ಕಿಂಡಿಗಳನ್ನು ಕಾಲು ಭಾಗದಷ್ಟು ತೆರೆದಿಟ್ಟು, ಮೇಲಿನದನ್ನು ಪೂರ್ತಿ ತೆರೆದಿಟ್ಟರೆ ಗಾಳಿ ತೀರಾ ಬೀಸದ ದಿನಗಳಲ್ಲಿ ಹತ್ತು ಗಂಟೆಯವರೆಗೂ ಇದ್ದಿಲು ಸೇರಿಸದೆ ನಡೆಯುತ್ತದೆ. ಮೇಲಿನ ಕಿಂಡಿಯನ್ನು ಮುಚ್ಚಿ ಶಾಖ ಇಳಿಸುವ ಪ್ರಯತ್ನವನ್ನು ಮಾಡಲೇಬಾರದು, ಏಕೆಂದರೆ ಹೊರಹೋಗಲಾರದ ಹೊಗೆ ಮಾಂಸದ ಮೇಲೆ ಕೂತು ಕಹಿಯಾಗುತ್ತದೆ. ಕೆಲಸವಾದ ಮೇಲೆ ನಾಲ್ಕೂ ಕಿಂಡಿಗಳನ್ನು ಮುಚ್ಚಿದರೆ ಕೆಂಡ ಆರಿ, ಉಳಿದ ಇದ್ದಿಲು ಮುಂದಿನ ಬಾರಿಗೆ ಬರುತ್ತದೆ. ಬಾರ್ಬೆಕ್ಯೂಗೆ ಬಳಸುವ ಅಚ್ಚೊತ್ತಿದ ಇದ್ದಿಲು ಅಮೆರಿಕದ ಮನೆಮನೆಗೆ ಬಂದದ್ದರ ಹಿಂದೆ ಕಾರು ತಯಾರಕ ಹೆನ್ರಿ ಫೋರ್ಡ್ ಇದ್ದುದನ್ನು ಇಲ್ಲಿ ನೆನೆಯಬಹುದು: 1920ರ ದಶಕದಲ್ಲಿ ಮಿಷಿಗನ್ ರಾಜ್ಯದಲ್ಲಿ ಕಾರಿನ ಬಿಡಿಭಾಗಗಳಿಗೆ ಕೊಯ್ದು ಮಿಕ್ಕ ಮರದ ಚೂರುಗಳನ್ನು ಸುಟ್ಟು ಅವರ ಕಾರ್ಖಾನೆ ಇದ್ದಿಲಿನ ಗಟ್ಟಿಗಳನ್ನು ಮಾಡಿ ಮಾರಿತು, ಆ ಉದ್ಯಮವೇ ಮುಂದೆ ಕಿಂಗ್ಸ್‌ಫರ್ಡ್ ಎಂಬ ಹೆಸರು ಪಡೆಯಿತು.

ಕೊರತೆಗಳನ್ನೂ ಹೇಳಬೇಕು. ನಡುಭಾಗದ ಬಾಗಿಲು ತೆಳುವಾದ ಅಲ್ಯೂಮಿನಿಯಂ ತಗಡಿನದು; ಅದರ ಅಂಚಿನಿಂದ ಹೊಗೆ ಸೋರುವುದು ಈ ಸ್ಮೋಕರನ್ನು ಬಳಸುವವರೆಲ್ಲ ಬಲ್ಲ ಸಂಗತಿ. ಹೊಸದಾಗಿರುವಾಗ ಒಳಗಿನ ಮೈ ನುಣುಪಾಗಿದ್ದು, ಸಂದುಗಳಲ್ಲಿ ಎಣ್ಣೆಹೊಗೆಯ ಕಪ್ಪು ಇನ್ನೂ ಕಟ್ಟಿರದ ಕಾರಣ ಅದು ಬಯಸಿದ್ದಕ್ಕಿಂತ ಬಿಸಿಯಾಗಿ ಓಡುತ್ತದೆ. ಕೆಲವು ಬಾರಿ ಕೊಬ್ಬಿನ ಮಾಂಸ ಬೇಯಿಸಿದ ಮೇಲೆ ಸಂದುಗಳು ತಾವಾಗಿಯೇ ತುಂಬಿಕೊಳ್ಳುತ್ತವೆ, ಆಮೇಲೆ ಅದರ ನಡವಳಿಕೆ ಸುಧಾರಿಸುತ್ತದೆ. ಹಾಗಾಗಿ ಒಳಮೈಯನ್ನು ತಿಕ್ಕಿ ತೊಳೆದು ಫಳಫಳಿಸುವಂತೆ ಮಾಡುವ ಅಭ್ಯಾಸ ಇಲ್ಲಿ ಬೇಡ. ಕೆಳಗಿನ ಜಾಲರಿಯ ಮೇಲಿರುವ ಮಾಂಸವನ್ನು ನೋಡಬೇಕಾದರೆ ಮೇಲಿನ ಜಾಲರಿಯನ್ನು ಎತ್ತಬೇಕು, ಇದು ತೊಡಕಿನ ಕೆಲಸ. ಮುಚ್ಚಳದಲ್ಲಿರುವ ತಾಪಮಾಪಕ ಗುಮ್ಮಟದ ತಾಪವನ್ನು ತೋರಿಸುತ್ತದೆಯೇ ಹೊರತು ಮಾಂಸ ಕೂತಿರುವ ಜಾಲರಿಯ ತಾಪವನ್ನಲ್ಲ, ಆದ್ದರಿಂದ ಅದನ್ನು ನಂಬಿ ಅಡುಗೆ ಮಾಡುವುದು ಸಾಧ್ಯವಿಲ್ಲ. ಎರಡು ಕಡ್ಡಿಗಳುಳ್ಳ ಡಿಜಿಟಲ್ ತಾಪಮಾಪಕಕ್ಕಾಗಿ ಇನ್ನೊಂದಿಷ್ಟು ಹಣವನ್ನು ಮೊದಲೇ ಎತ್ತಿಡಬೇಕು: ಒಂದು ಕಡ್ಡಿ ಜಾಲರಿಯ ಹತ್ತಿರ, ಇನ್ನೊಂದು ಮಾಂಸದ ನಡುವೆ. ಕಡ್ಡಿಯ ತಂತಿ ಒಳಹೋಗಲು ಈಚಿನ ಮಾದರಿಗಳ ಮೈಯಲ್ಲಿ ಸಿಲಿಕೋನಿನ ಸಣ್ಣ ರಂಧ್ರವೊಂದನ್ನು ಕೊಟ್ಟಿದ್ದಾರೆ. ಹಾಗಿದ್ದೂ ತಾಪಮಾಪಕವನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಗುವುದು ಬೆಲೆಯ ಲೆಕ್ಕದಲ್ಲಿ ಸೇರಲೇಬೇಕಾದ ಅಂಶ.

ಅಮೆರಿಕದ ಕೈಪಿಡಿಗಳೆಲ್ಲ ಬ್ರಿಸ್ಕೆಟ್ ಮತ್ತು ಹಂದಿಯ ಪಕ್ಕೆಲುಬಿನ ಸುತ್ತ ಸುತ್ತುತ್ತವೆ. ಟೆಕ್ಸಸ್ಸಿನ ರಾಜಧಾನಿ ಆಸ್ಟಿನ್ನಿನಿಂದ ಸುಮಾರು 50 ಕಿಲೋಮೀಟರ್ ದೂರದ ಲಾಕ್‌ಹಾರ್ಟ್ ಊರಿನಲ್ಲಿ 1900ರಿಂದ ಇರುವ ಕ್ರೈಟ್ಸ್ ಮಾರ್ಕೆಟ್‌ನಂತಹ ಅಂಗಡಿಗಳು ಜರ್ಮನ್ ವಲಸಿಗರ ಕಸಾಯಿ ಅಂಗಡಿಗಳಾಗಿ ಹುಟ್ಟಿದವು. ಮಾರದೆ ಉಳಿದ ಮಾಂಸವನ್ನು ಹೊಗೆಯಲ್ಲಿ ಬೇಯಿಸಿ ಮಾರುತ್ತಿದ್ದ ಅಭ್ಯಾಸದಿಂದ ಇಲ್ಲಿಯ ಪದ್ಧತಿ ಬೆಳೆಯಿತು. ದನದ ಮಾಂಸ ತಿನ್ನದ ನಮ್ಮವರಿಗೆ ಹೆಚ್ಚು ಹತ್ತಿರವಾದ ಪರಂಪರೆ ಬೇರೊಂದು ಕಡೆ ಇದೆ, ಅದು ಕೆಂಟಕಿ ರಾಜ್ಯದ ಒಹಾಯೊ ನದಿಯ ದಂಡೆಯ ಓವನ್ಸ್‌ಬರೋ ಊರು. ಅಲ್ಲಿ ಬಾರ್ಬೆಕ್ಯೂ ಎಂದರೆ ಕುರಿಯ ಮಾಂಸ. ಉಣ್ಣೆಗಾಗಿ ಸಾಕಿದ ಕುರಿಗಳು ಮುದಿಯಾದಾಗ ಅವುಗಳ ಗಡುಸಾದ ಮಾಂಸವನ್ನು ಹಿಕರಿ ಮರದ ಹೊಗೆಯಲ್ಲಿ ದೀರ್ಘಕಾಲ ಬೇಯಿಸಿ, ವೂಸ್ಟರ್‌ಷೈರ್ ಸಾಸ್ ಮತ್ತು ವಿನೆಗರ್ ಬೆರೆಸಿದ ತೆಳ್ಳನೆಯ ಕಪ್ಪು ಸಾರಿನಲ್ಲಿ ಅದ್ದಿ ತಿನ್ನುವ ಪದ್ಧತಿ ಅಲ್ಲಿ ಇಂದಿಗೂ ಉಳಿದಿದೆ. ಆ ಸಾರಿಗೆ ವಿನೆಗರಿನ ಬದಲು ಕೊಡಗಿನ ಕಾಚಂಪುಳಿ ಎಂಬ ಕಪ್ಪು ಹುಳಿರಸವನ್ನು ಸ್ವಲ್ಪವೇ ಸೇರಿಸಿ, ಕಾಳುಮೆಣಸನ್ನು ಧಾರಾಳವಾಗಿ ಹಾಕಿದರೆ ಅದರ ರುಚಿ ನಮ್ಮ ನಾಲಿಗೆಗೆ ಇನ್ನೂ ಒಗ್ಗುತ್ತದೆ.

ಸ್ಮೋಕಿ ಮೌಂಟನ್ ನಮ್ಮ ಮನೆಯಲ್ಲಿ ಹೆಚ್ಚು ಬಳಕೆಯಾಗುವುದು ಇಂತಹ ಕುರಿಮಾಂಸಕ್ಕೇ. ಮೂಳೆಸಹಿತ ಭುಜದ ಭಾಗಕ್ಕೆ ಹಿಂದಿನ ರಾತ್ರಿಯೇ ಉಪ್ಪು ಹಚ್ಚಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಮೆಣಸು, ಕೊತ್ತಂಬರಿ ಮತ್ತು ಬೆಳ್ಳುಳ್ಳಿಯ ಪುಡಿ ಸವರಿ ಇಟ್ಟರೆ ಆರರಿಂದ ಎಂಟು ಗಂಟೆಯಲ್ಲಿ ಅದು ಅಕ್ಕಿರೊಟ್ಟಿಯ ಜೊತೆ ಬಡಿಸುವಷ್ಟು ಮೆತ್ತಗಾಗುತ್ತದೆ. ಮೇಕೆಯ ಮಾಂಸಕ್ಕೆ ಬೇರೆ ಎಚ್ಚರ ಬೇಕು. ಅದರಲ್ಲಿ ಕೊಬ್ಬು ಕಡಿಮೆಯಾದ್ದರಿಂದ ತೊಡೆಯ ಭಾಗ ಒಣಗಿ ನಾರಾಗುತ್ತದೆ, ಭುಜ ಮತ್ತು ಕತ್ತಿನ ಭಾಗಗಳನ್ನು ಆರಿಸಿ ಅರ್ಧದಾರಿಯಲ್ಲಿ ಹಾಳೆಯಲ್ಲಿ ಸುತ್ತುವುದು ಉತ್ತಮ. ಕೋಳಿಯ ವಿಚಾರದಲ್ಲಿ ಕಡಿಮೆ ಉರಿಯ ನಿಯಮವನ್ನೇ ಕೈಬಿಡಬೇಕು, ಏಕೆಂದರೆ 110 ಡಿಗ್ರಿಯಲ್ಲಿ ಕೋಳಿಯ ಚರ್ಮ ರಬ್ಬರಿನಂತಾಗುತ್ತದೆ ಮತ್ತು ಅದರ ಮಾಂಸದಲ್ಲಿ ಕರಗಿಸಬೇಕಾದ ಕೊಲಾಜೆನ್ ಅಷ್ಟಾಗಿ ಇಲ್ಲ. ನೀರಿನ ತಟ್ಟೆಯನ್ನು ಖಾಲಿ ಇಟ್ಟು, ಕಿಂಡಿಗಳನ್ನೆಲ್ಲ ತೆರೆದರೆ ಈ ಸ್ಮೋಕರ್ 150 ಡಿಗ್ರಿಯನ್ನು ದಾಟಬಲ್ಲದು. ಎದೆಯ ಭಾಗ 74 ಡಿಗ್ರಿ ಮುಟ್ಟಿದರೆ ತಿನ್ನಲು ಸುರಕ್ಷಿತ, ತೊಡೆಯ ಭಾಗವನ್ನು ಇನ್ನೂ ಹತ್ತು ಡಿಗ್ರಿ ಮೇಲಕ್ಕೆ ಒಯ್ದರೆ ರುಚಿ ಹೆಚ್ಚು.

ಹೊಗೆಗಾಗಿ ಇದ್ದಿಲಿನ ನಡುವೆ ಮುಷ್ಟಿಗಾತ್ರದ ಮೂರು ನಾಲ್ಕು ಮರದ ತುಂಡುಗಳು ಸಾಕು. ಮರದಲ್ಲಿರುವ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಶಾಖಕ್ಕೆ ಒಡೆದಾಗ ಹುಟ್ಟುವ ಗ್ವಾಯಕಾಲ್ ಮತ್ತು ಸಿರಿಂಗಾಲ್ ಎಂಬ ಸಂಯುಕ್ತಗಳಿಂದ ನಾವು ಹೊಗೆಯ ರುಚಿ ಎಂದು ಗುರುತಿಸುವುದು ಬರುತ್ತದೆ. ಹೊಗೆ ತೆಳ್ಳಗೆ, ನೀಲಿ ಛಾಯೆಯಲ್ಲಿ, ಹೆಚ್ಚುಕಡಿಮೆ ಕಾಣದಂತೆ ಹೋಗುತ್ತಿರಬೇಕು. ದಟ್ಟನೆಯ ಬಿಳಿ ಹೊಗೆ ಬರುತ್ತಿದ್ದರೆ ಮರ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ, ಅದು ನಿಲ್ಲುವವರೆಗೆ ಮಾಂಸವನ್ನು ಒಳಗಿಡಬಾರದು. ಕುರಿಗೆ ಓಕ್ ಮತ್ತು ಹಿಕರಿ, ಕೋಳಿಗೆ ಸೇಬು ಮತ್ತು ಚೆರಿ ಮರ ಹೊಂದುತ್ತವೆ. ಮೆಸ್ಕೀಟ್ ಮರದ ಹೊಗೆ ಕಟುವಾದದ್ದು, ದೀರ್ಘಕಾಲದ ಅಡುಗೆಗೆ ನಾನು ಬಳಸುವುದಿಲ್ಲ. ಪೈನ್ ಮೊದಲಾದ ರಾಳದ ಮರಗಳನ್ನು ಹತ್ತಿರ ಸೇರಿಸಬಾರದು. ಮರದ ಚೂರುಗಳನ್ನು ನೀರಿನಲ್ಲಿ ನೆನೆಸಿಡಬೇಕೆಂಬ ಸಲಹೆ ಪೊಟ್ಟಣಗಳ ಮೇಲೂ ಕಾಣಸಿಗುತ್ತದೆ. ನೀರು ಆರುವವರೆಗೆ ಮರ ಹೊಗೆಯಾಡುವುದಿಲ್ಲ ಎಂಬುದನ್ನು ಬಿಟ್ಟರೆ ಅದರಿಂದ ಬೇರೆ ಪ್ರಯೋಜನವಿಲ್ಲ.

ಇದಕ್ಕೆ ಪೈಪೋಟಿ ಕೊಡುವವುಗಳಲ್ಲಿ ಹೆಚ್ಚು ಮಾರಾಟದ ಅಬ್ಬರ ಇರುವುದು ಪೆಲೆಟ್ ಗ್ರಿಲ್ಲುಗಳದ್ದು. ಆರೆಗಾನ್ ರಾಜ್ಯದಲ್ಲಿ ಹುಟ್ಟಿದ ಟ್ರೇಗರ್ ಕಂಪನಿ 1980ರ ದಶಕದಲ್ಲಿ ಇವನ್ನು ಬಳಕೆಗೆ ತಂದಿತು. ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳನ್ನು ವಿದ್ಯುತ್ತಿನಿಂದ ತಿರುಗುವ ತಿರುಪು ಬೆಂಕಿಯ ಬಟ್ಟಲಿಗೆ ನೂಕುತ್ತದೆ, ಫ್ಯಾನು ಗಾಳಿ ಹಾಕುತ್ತದೆ, ನಿಯಂತ್ರಕ ಉಷ್ಣಾಂಶವನ್ನು ಕಾಯುತ್ತದೆ. ಅನುಕೂಲ ಅಪಾರ, ಹೊಗೆಯ ರುಚಿ ಮಾತ್ರ ಮೆಲುವು. ವಿದ್ಯುತ್ ಹೋದರೆ ಅಡುಗೆ ನಿಲ್ಲುತ್ತದೆ, ಗುಳಿಗೆಗಳಿಗೆ ತೇವ ತಗುಲಿದರೆ ಉಬ್ಬಿ ತಿರುಪಿನಲ್ಲಿ ಸಿಕ್ಕಿಕೊಳ್ಳುತ್ತವೆ. ವಾರದ ದಿನಗಳಲ್ಲೂ ಬಳಸುವವರಿಗೆ, ಬೆಂಕಿಯ ಬಗ್ಗೆ ಆಸಕ್ತಿಯೇ ಇಲ್ಲದವರಿಗೆ ಇದು ಸರಿ. ಪಕ್ಕದಲ್ಲಿ ಬೆಂಕಿಪೆಟ್ಟಿಗೆ ಇರುವ ಆಫ್‌ಸೆಟ್ ಸ್ಮೋಕರಿನಲ್ಲಿ ನಿಜವಾದ ಸೌದೆ ಉರಿಯುವುದರಿಂದ ರುಚಿ ಎಲ್ಲಕ್ಕಿಂತ ಮೇಲು. ಲಾಕ್‌ಹಾರ್ಟ್‌ನಂತಹ ಊರುಗಳ ಅಂಗಡಿಗಳಲ್ಲಿ ಇದರ ದೊಡ್ಡಣ್ಣಂದಿರನ್ನೇ ಕಾಣುತ್ತೇವೆ. ಆದರೆ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಸೌದೆ ಹಾಕುತ್ತಿರಬೇಕು, ಮತ್ತು ಕಾಲು ಇಂಚು ದಪ್ಪದ ಉಕ್ಕಿನದ್ದಕ್ಕೆ ಸಾಮಾನ್ಯವಾಗಿ 1,000 ಡಾಲರಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಬೆಲೆ. ಹಾರ್ಡ್‌ವೇರ್ ಅಂಗಡಿಗಳ ಮುಂದೆ ಸಾಲಾಗಿ ನಿಲ್ಲಿಸಿರುವ ತೆಳುತಗಡಿನ ಅಗ್ಗದ ಆಫ್‌ಸೆಟ್‌ಗಳು ಗಾಳಿಯನ್ನೂ ಹಿಡಿಯವು, ಶಾಖವನ್ನೂ ಹಿಡಿಯವು. ಅವುಗಳಿಂದ ದೂರವಿರುವುದು ಲೇಸು.

ಬಿಗ್ ಗ್ರೀನ್ ಎಗ್‌ನಂತಹ, ದಪ್ಪ ಸೆರಾಮಿಕ್ಕಿನ, ಮೊಟ್ಟೆಯಾಕಾರದ ಕಮಾಡೊ ಒಲೆಗಳು ಗಾಳಿಯ ಪರೀಕ್ಷೆಯಲ್ಲಿ ಸ್ಮೋಕಿ ಮೌಂಟನ್ನನ್ನೂ ಸೋಲಿಸುತ್ತವೆ ಎಂದು ಒಪ್ಪಿಕೊಳ್ಳಬೇಕು. ಒಮ್ಮೆ ತುಂಬಿದ ಇದ್ದಿಲಿನಲ್ಲಿ ಇಡೀ ದಿನ ನಡೆಯುತ್ತವೆ, 300 ಡಿಗ್ರಿಗೂ ಏರುತ್ತವೆ, ಹಾಗಾಗಿ ನಾನ್ ಮತ್ತು ಪಿಜ್ಜಾಗೂ ಒದಗುತ್ತವೆ. ಬೆಲೆ ಎರಡು ಮೂರು ಪಟ್ಟು, ದೊಡ್ಡ ಮಾದರಿಯ ತೂಕ 70 ಕಿಲೋ ಮೀರಿದ್ದು. ಒಮ್ಮೆ ಮಿತಿಮೀರಿ ಬಿಸಿಯಾದರೆ ತಣಿಯಲು ಗಂಟೆಗಳು ಬೇಕು. ವಿದ್ಯುತ್ ಸ್ಮೋಕರುಗಳ ಬಗ್ಗೆ ಹೆಚ್ಚು ಹೇಳಲಾರೆ: ಅವುಗಳಲ್ಲಿ ನಿಜವಾದ ಬೆಂಕಿಯಿಲ್ಲದ ಕಾರಣ ಮಾಂಸದ ಅಂಚಿನಲ್ಲಿ ಕಾಣುವ ಗುಲಾಬಿ ಬಳೆ ಸಾಮಾನ್ಯವಾಗಿ ಮೂಡುವುದಿಲ್ಲ. ಅದಕ್ಕೆ ಬೇಕಾದ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಇದ್ದಿಲು, ಮರದಂತಹ ಇಂಧನ ಉರಿದಾಗ ಬರುತ್ತವೆ. ಬಳೆಗೆ ರುಚಿಯೇನೂ ಇಲ್ಲ ಎಂಬುದೂ ನಿಜ.

ಅದೇ ಕಾರ್ಬನ್ ಮಾನಾಕ್ಸೈಡಿನ ಕಾರಣದಿಂದ ಯಾವುದೇ ಇದ್ದಿಲಿನ ಸ್ಮೋಕರನ್ನು ಮನೆಯೊಳಗಾಗಲಿ, ಬಾಗಿಲು ತೆರೆದಿಟ್ಟ ಗ್ಯಾರೇಜಿನಲ್ಲಾಗಲಿ ಹೊತ್ತಿಸಬಾರದು. ವಾಸನೆಯಿಲ್ಲದ ಆ ಅನಿಲ ಆಳನ್ನು ಕೊಲ್ಲುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರು ಕೊಳ್ಳುವ ಮುನ್ನ ನಿಯಮ ವಿಚಾರಿಸಬೇಕು. ಅಮೆರಿಕದ ಅನೇಕ ಊರುಗಳು ಅನುಸರಿಸುವ ಅಂತಾರಾಷ್ಟ್ರೀಯ ಅಗ್ನಿ ಸಂಹಿತೆಯು ಸುಲಭವಾಗಿ ಉರಿಯುವ ಬಾಲ್ಕನಿಗಳ ಮೇಲೆ ಮತ್ತು ಅಂತಹ ಕಟ್ಟಡದಿಂದ 10 ಅಡಿಯೊಳಗೆ ಇದ್ದಿಲಿನ ಒಲೆಗಳನ್ನು ಬಳಸುವುದನ್ನು ನಿಷೇಧಿಸುತ್ತದೆ, ಒಂದೆರಡು ಕುಟುಂಬಗಳ ಮನೆಗಳಂತಹ ಕೆಲವಕ್ಕೆ ವಿನಾಯಿತಿ ಇದೆ.

ಈಗಾಗಲೇ 22 ಇಂಚಿನ ಗುಂಡು ಗ್ರಿಲ್ ಇರುವವರು ಏನನ್ನೂ ಕೊಳ್ಳದೆ, ಅದರ ಅಂಚಿನುದ್ದಕ್ಕೂ ಇದ್ದಿಲನ್ನು ಹಾವಿನಂತೆ ಜೋಡಿಸಿ ಒಂದು ತುದಿಗೆ ಬೆಂಕಿ ಕೊಟ್ಟು ಒಂದು ಕುರಿಭುಜವನ್ನು ಬೇಯಿಸಿ ನೋಡಲಿ. ಇಷ್ಟವಾದರೆ ಆಮೇಲೆ ಖರ್ಚು ಮಾಡಬಹುದು. ಸ್ಮೋಕಿ ಮೌಂಟನ್ನಿನ 14 ಇಂಚಿನ ಮಾದರಿ ಇಬ್ಬರ ಮನೆಗೆ ಸಾಕು, ಪಕ್ಕೆಲುಬಿನ ಉದ್ದನೆಯ ತುಂಡನ್ನು ಮಾತ್ರ ಅದರಲ್ಲಿ ಕತ್ತರಿಸದೆ ಇಡಲಾಗದು. 22 ಇಂಚಿನದು ಇದ್ದಿಲನ್ನು ಬಹಳ ತಿನ್ನುತ್ತದೆ, ಹಬ್ಬಕ್ಕೆ ಇಪ್ಪತ್ತು ಜನ ಸೇರುವ ಮನೆಗಲ್ಲದೆ ಬೇರೆಯವರಿಗೆ ಅದರ ಅಗತ್ಯವಿಲ್ಲ. ಕರ್ನಾಟಕದಲ್ಲಿ ಜಾಗವುಳ್ಳವರು ಇದನ್ನು ಆಮದು ಮಾಡಿಕೊಳ್ಳಲು ಹೋಗದೆ, ಆಹಾರ ಪದಾರ್ಥ ತುಂಬಿದ್ದ 200 ಲೀಟರಿನ ಉಕ್ಕಿನ ಡ್ರಮ್ಮನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯಲಿ: ತಳದ ಹತ್ತಿರ ಮುಚ್ಚಿ ತೆರೆಯಬಹುದಾದ ಮೂರು ಕಿಂಡಿಗಳು, ಮೇಲೆ ಒಂದು ಕಿಂಡಿಯಿರುವ ಬಿಗಿಯಾದ ಮುಚ್ಚಳ, ಇದ್ದಿಲಿಗೊಂದು ಬುಟ್ಟಿ, ಅದರಿಂದ ಎರಡಡಿ ಮೇಲೆ ಜಾಲರಿ ಇಷ್ಟಿದ್ದರೆ ಆಯಿತು. ಅಮೆರಿಕದ ಹವ್ಯಾಸಿಗಳೂ ಹೀಗೆಯೇ ಮಾಡಿಕೊಳ್ಳುತ್ತಾರೆ. ಒಳಗಿನ ಬಣ್ಣ ಮತ್ತು ಲೇಪವನ್ನು ಜೋರು ಬೆಂಕಿಯಲ್ಲಿ ಪೂರ್ತಿ ಸುಟ್ಟು, ಉಜ್ಜಿ ತೆಗೆದ ಮೇಲಷ್ಟೇ ಅದರಲ್ಲಿ ಅಡುಗೆ ಮಾಡಬೇಕು.